ನಿಕಾನ್ ಲಾಭ 94% ಬಿದ್ದದಂತ, ಈಗ ಹೊಸ ಕ್ಯಾಮೆರಾಕ್ಕ ರೊಕ್ಕ ಹಾಕ್ಲೋ ಬ್ಯಾಡೋ?

ಕಲಬುರಗಿ_ಕ್ಲಿಕ್:

ನಮಸ್ಕಾರ ರೀ ಎಲ್ಲರಿಗೂ. ನಂದು ಇಲ್ಲೇ ಕಲಬುರಗಿಯಾಗ ಸಣ್ಣ ಸ್ಟುಡಿಯೋ ಅದ, ಲಗ್ನ, ಕುಬಸ, ತೊಟ್ಲಾ, ಶಾಲಿ ಗ್ರೂಪ್ ಫೋಟೋ, ಯಾವ್ದ್ ಬಂದ್ರೂ ಒಲ್ಲೆ ಅನ್ನಂಗಿಲ್ಲ. ಈ ಸಲ ಆಷಾಢ ಮೊಹರಂ ಎರಡೂ ಕೂಡೇ ಬಂದಾವ, ಹಿಂದೂಗಳ್ದೂ ಲಗ್ನ ಇಲ್ಲ ಮುಸ್ಲಿಂರ್ದೂ ಲಗ್ನ ಇಲ್ಲ, ತಿಂಗಳಾತು ಖಾಲಿ ಕುಂತೀನಿ, ಖಾಲಿ ಕುಂತ್ರ ಏನ್ ಮಾಡ್ತೀವಿ, ಮೊಬೈಲ್ ತಿಕ್ಕೋದು.

ಮೊನ್ನೆ ಒಂದು ಶಾರ್ಟ್ಸ್ ಬಂತು, ಜಪಾನಿನ ಕ್ಯಾಮೆರಾ ಕಂಪನಿ ನಿಕಾನ್ ಲಾಭ 94% ಕಮ್ಮಿ ಆಗ್ಯಾದ, ಕಂಪನಿ ಮುಳುಗ್ಲತ್ತದ ಅಂತ ಹಿಂದ ಡಮ್ ಡಮ್ ಮ್ಯೂಸಿಕ್ ಹಾಕಿ ಬಿಟ್ಟಾರ. ಸುಳ್ಳ ಇರ್ಬೇಕು ಅಂತ ಕಂಪನಿ ರಿಸಲ್ಟೇ ತೆಗ್ದು ನೋಡ್ದೆ. ಖರೇನೇ ಅದ ರೀ. 2024ರ ಮಾರ್ಚ್‌ಗೆ ಮುಗ್ದ ವರ್ಷ ಆಪರೇಟಿಂಗ್ ಲಾಭ 3,980 ಕೋಟಿ ಯೆನ್ ಇತ್ತು, 2025ರ ಮಾರ್ಚ್‌ಗೆ ಬರೀ 240 ಕೋಟಿ ಯೆನ್. ಉಳಿದ ಹಾಳಿ ಎಲ್ಲಾ ನಂಗ ತಿಳಿಲಿಲ್ಲ, ಮುಚ್ಚಿಟ್ಟೆ.

ನನ್ ಹತ್ರ ನಿಕಾನ್‌ದೇ ಡಿ750 ಕ್ಯಾಮೆರಾ ಎರಡು ಅವ. ಒಂದರ ಶಟರ್ ಕೌಂಟ್, ಅಂದ್ರ ಹೊಡ್ದ ಫೋಟೋ ಲೆಕ್ಕ, 2.4 ಲಕ್ಷ ದಾಟ್ಯಾದ, ಕಂಪನಿ ಹೇಳಿದ್ದು 1.5 ಲಕ್ಷ, ಇನ್ನೂ ಹೊಡಿಲತ್ತದ, ದೇವ್ರು ದೊಡ್ಡಾವ. ಲೆನ್ಸ್ 24-70, 70-200, 50, 85. ಹತ್ತು ವರ್ಷ ಚೀಟಿ ಹಾಕಿ ಒಂದೊಂದೇ ಕೂಡಿಸಿದ್ದು. ದೀಪಾವಳಿ ಆದ್ಮ್ಯಾಲ ಸೀಸನ್ ಸುರು ಆಗೋದ್ರಾಗ ನಿಕಾನ್‌ದೇ ಹೊಸಾ ಕ್ಯಾಮೆರಾ ಝೆಡ್6 3 ತೊಗೋಬೇಕು ಅಂತಿದ್ದೆ, ಅದು ಎರಡು ಲಕ್ಷದ ಮ್ಯಾಲಿನ ಮಾತು. ಹೈದರಾಬಾದ್‌ದಾಗ ಒಬ್ಬ ಅಂಗಡಿಯವ್ರಿಗಿ ಕೇಳಿದ್ರ, "ಆ ಕಂಪನಿ ನಂಬ್ಕೊಂಡು ಕುಂದ್ರಬ್ಯಾಡ್ರಿ, ಎರಡ್ ವರ್ಷದಾಗ ಬಂದ್ ಆಗ್ತದ, ಎಲ್ಲಾ ಲೆನ್ಸ್ ಎಕ್ಸ್‌ಚೇಂಜ್ ಕೊಟ್ಟು ಬ್ಯಾರೆ ಬ್ರ್ಯಾಂಡ್ ಒಯ್ರಿ" ಅಂದ್ರು. ಎಕ್ಸ್‌ಚೇಂಜ್‌ಗಿ ಅವ್ರು ಹೇಳಿದ ರೇಟ್ ಕೇಳಿದ್ರ ನೀವು ನಗ್ತೀರಿ, ನಂಗ ಅಳು ಬಂತು. 70-200ಗಿ ನಾ ಕೊಟ್ಟಿದ್ದರಾಗ ಕಾಲು ಭಾಗನೂ ಇಲ್ಲ.

ಅಕೌಂಟ್ಸ್ ತಿಳಿದವ್ರು ಯಾರಾರ ಇದ್ರ ಹೇಳ್ರಿ, ಕಂಪನಿ ಖರೇನೇ ಮುಳುಗ್ತದೇನು? ಮನ್ಯಾಗ ಈಗಾಗ್ಲೇ "ಇರೋ ಕ್ಯಾಮೆರಾಕ್ಕ ಏನ್ ಆಗ್ಯಾದ" ಅಂತ ಸುರು ಆಗ್ಯಾದ.

ಜೇವರ್ಗಿ_ಕ್ರಾಸ್:

ಅಣ್ಣ ನಾ ಐದು ವರ್ಷದ ಹಿಂದೇ ಬಿಟ್ಟು ಸೋನಿಗಿ ಹೋದೆ, ಆರಾಮ ಇದ್ದೀನಿ. ಬಂದ್ಬಿಡು 😄

ಕಲಬುರಗಿ_ಕ್ಲಿಕ್:

ಆರಾಮ ಇರ್ತಿ ಬಿಡು, ನಿನ್ ಸಾಲ ನಿಮ್ಮಪ್ಪ ತೀರಿಸ್ಯಾನ.

ಬೀದರ್_ಹಿಸಾಬ:

ನಾ ಫೋಟೋಗ್ರಾಫರ್ ಅಲ್ರಿ, ಬೀದರ್‌ದಾಗ ಆಡಿಟ್ ಆಫೀಸಿನಾಗ ಲೆಕ್ಕ ಬರ್ಕೊಂಡು ಇರೋ ಮನಷ್ಯ. ಆದ್ರ ಕ್ಯಾಮೆರಾ ಹುಚ್ಚು ಅದ, ಅದಕ್ಕ ಈ ಕಂಪನಿಗಳ ರಿಸಲ್ಟ್ ಓದ್ತಿರ್ತೀನಿ. ನಿಕಾನ್‌ದು ನಮ್ಮಂಗೇ ಏಪ್ರಿಲ್‌ದಿಂದ ಮಾರ್ಚ್ ವರ್ಷ, ಕ್ಯಾನನ್‌ದು ಜನವರಿದಿಂದ ಡಿಸೆಂಬರ್. ಎರಡೂ ಹೋಲಿಸಿ ವಿಡಿಯೋ ಮಾಡೋರು ಇದೂ ನೋಡಂಗಿಲ್ಲ.

ಮೊದ್ಲು ನೀವು ಮುಚ್ಚಿಟ್ಟ ಹಾಳಿ ಮತ್ತ ತೆಗಿರಿ. ಎಲ್ಲಾರೂ ನೋಡಿದ್ದು ಲಾಭದ ಸಾಲು ಒಂದೇ. ಅದರ ಮ್ಯಾಲ ಮಾರಾಟದ ಸಾಲು ಅದಲ್ಲ, ಅದು 2024ರ ಮಾರ್ಚ್ ವರ್ಷ 71,720 ಕೋಟಿ ಯೆನ್, 2025ರ ಮಾರ್ಚ್ ವರ್ಷ 71,530 ಕೋಟಿ. ನಮ್ ರೊಕ್ಕದಾಗ ಹಿಡಿದ್ರ ಸುಮಾರು 40 ಸಾವಿರ ಕೋಟಿ ರೂಪಾಯಿ ಮ್ಯಾಲೇ. ಅಂದ್ರ ಮಾಲು ಹೋಗೋದು ನಿಂತಿಲ್ಲ, ಇದ್ದಲ್ಲೇ ಅದ. ಗಿರಾಕಿ ಬರ್ಲತ್ತಾರ, ಗಲ್ಲಾದಾಗ ರೊಕ್ಕ ಬೀಳ್ಲತ್ತದ, ಸಂಜಿಗಿ ಎಣಿಸಿದ್ರ ಮಾತ್ರ ಉಳಿದಿಲ್ಲ. ಹಂಗಾದ್ರ ಆ ರೊಕ್ಕ ಎಲ್ಲಿ ಸೋರ್ತು?

ಇದು ತಿಳಿಬೇಕಂದ್ರ ನಿಕಾನ್ ಬರೇ ಕ್ಯಾಮೆರಾ ಕಂಪನಿ ಅಲ್ಲ ಅನ್ನೋದು ತಲ್ಯಾಗ ಇಟ್ಕೋರಿ. 1917ರಾಗ ಮೂರು ಕನ್ನಡಿ-ಲೆನ್ಸ್ ಕಂಪನಿ ಕೂಡಿ ಆಗಿದ್ದು, ಅವಾಗ ಹೆಸರೂ ನಿಪ್ಪಾನ್ ಕೊಗಾಕು ಅಂತ, ಮೊದಲ್ನೇ ಕ್ಯಾಮೆರಾ ಮಾರಿದ್ದೇ 1948ರಾಗ. ಈಗ ಒಳಗ ಐದು ಧಂದೆ ಅವ. ಕ್ಯಾಮೆರಾ ಒಂದು. ಚಿಪ್ಪು ಮತ್ತ ಟಿವಿ ಪರದೆ ಮಾಡೋ ಮಷಿನ್ ಒಂದು. ಮೈಕ್ರೋಸ್ಕೋಪು, ಕಣ್ಣು ತಪಾಸಣಿ ಮಷಿನ್ ಒಂದು. ಬಿಡಿ ಭಾಗ ಒಂದು. ಕೊನೀದು ಲೋಹದ 3ಡಿ ಪ್ರಿಂಟಿಂಗ್, ಅದಕ್ಕ ಡಿಜಿಟಲ್ ಮ್ಯಾನುಫ್ಯಾಕ್ಚರಿಂಗ್ ಅಂತಾರ.

ನಮ್ ಭಾಷಾದಾಗ ಹೇಳ್ಬೇಕಂದ್ರ, ಆಳಂದ ಕಡಿ ಒಂದು ಕೂಡು ಕುಟುಂಬ ಅದ ಅನ್ಕೋರಿ. ಇಪ್ಪತ್ತು ಎಕರೆ ತೊಗರಿ ಮಸ್ತ್ ಬರ್ಲತ್ತದ. ದೊಡ್ಡ ಮಗನ ಹಳೀ ದಾಲ್ ಮಿಲ್ ಒಂದ್ ವರ್ಷ ನಡಿತದ ಒಂದ್ ವರ್ಷ ಇಲ್ಲ. ಸಣ್ಣ ಮಗ ಪ್ಯಾಟಿಗಿ ಹೋಗಿ ಹೊಸಾ ಧಂದೆ ತೆಗದಾನ, ಅದಕ್ಕ ಎಲ್ಲಾರ ರೊಕ್ಕ ಸುರೀಲತ್ತದ, ಇನ್ನೂ ಒಂದು ಪೈಸಾ ವಾಪಸ್ ಬಂದಿಲ್ಲ. ಮನಿ ಲೆಕ್ಕ ಒಂದೇ ಬುಕ್ಕಿನಾಗ ಬರೀತಾರ, ವರ್ಷದ ಕೊನಿಗಿ ನೋಡಿದ್ರ ಏನೂ ಉಳಿದಿಲ್ಲ. ಊರ ಮಂದಿ ಅಂತಾರ "ಅವ್ರ ಹೊಲ ಹಾಳಾಯ್ತು". ಹೊಲ ಎಲ್ಲಿ ಹಾಳಾಯ್ತ್ರಿ?

ಕ್ಯಾಮೆರಾನೇ ಆ ತೊಗರಿ ಹೊಲ. 2024ರ ಮಾರ್ಚ್ ವರ್ಷ ಕ್ಯಾಮೆರಾ ವಿಭಾಗದ ಮಾರಾಟ ಸುಮಾರು 27,970 ಕೋಟಿ ಯೆನ್, ಲಾಭ 4,650 ಕೋಟಿ. ಇಡೀ ಕಂಪನಿ ಲಾಭ 3,980 ಅಂತ ನೀವೇ ಬರ್ದೀರಿ. ಒಂದು ವಿಭಾಗದ ಲಾಭ ಇಡೀ ಕಂಪನಿಗಿಂತ ಹೆಚ್ಚು! ಅಂದ್ರ ಉಳಿದವೆಲ್ಲಾ ಕೂಡಿ ತಿನ್ಲತ್ತಾವ ಅಂತ ಅರ್ಥ. 2025ರ ಮಾರ್ಚ್‌ಗೆ ಕ್ಯಾಮೆರಾ ಮಾರಾಟ ಮತ್ತ ಏರಿ 29,500 ಕೋಟಿ ಆಸುಪಾಸು ಆಯ್ತು, ಲಾಭ 4 ಸಾವಿರ ಕೋಟಿ ಮ್ಯಾಲೇ ಅದ. ಹೆಚ್ಚಾಗಿ ಬಿದ್ದಿದ್ದು ಬ್ಯಾರೆ ಕಡಿ.

ಸಣ್ಣ ಮಗನ ಧಂದೆ ಅಂದ್ನಲ್ಲ, ಅದು ಈ 3ಡಿ ಪ್ರಿಂಟಿಂಗ್, 2022ರಾಗ ಜರ್ಮನಿಯ ಎಸ್ಎಲ್ಎಂ ಸೊಲ್ಯೂಷನ್ಸ್ ಅನ್ನೋ ಕಂಪನಿ ಕೊಳ್ಳಲಿಕ್ಕಿ 62 ಕೋಟಿ ಯೂರೋ ಹೇಳಿದ್ರು, ಅವಾಗಿನ ಲೆಕ್ಕಕ್ಕ ನಮ್ 5 ಸಾವಿರ ಕೋಟಿ ರೂಪಾಯಿ ಹತ್ರ ಹತ್ರ. ಲೋಹದ ಪುಡಿ ಹಾಸಿ ಅದ್ರ ಮ್ಯಾಲ ಲೇಸರ್ ಬಿಟ್ಟು ಕರಗಿಸಿ ಪದರ ಪದರ ಕೂಡಿಸಿ ವಿಮಾನದ, ರಾಕೆಟಿನ ಭಾಗ ಮಾಡ್ತಾರ. ಐಡಿಯಾ ಕೆಟ್ಟದಲ್ಲ, ಲೆನ್ಸು ಲೇಸರು ಅವ್ರ ಮನೀದೇ ವಿದ್ಯಾ. ಆದ್ರ ಆ ವಿಭಾಗ ವರ್ಷ ವರ್ಷ ನುಕ್ಸಾನ್‌ದಾಗೇ ಅದ.

ಹೆದರೋ ಟೈಮ್ ಯಾವಾಗಿತ್ತು ಗೊತ್ತೇನ್ರಿ? 2021ರ ಮಾರ್ಚ್. ಕೊರೋನಾ ವರ್ಷ. ಅವಾಗ ಇಡೀ ಕಂಪನಿದು 5,620 ಕೋಟಿ ಯೆನ್ ಆಪರೇಟಿಂಗ್ ಲಾಸ್. ಅದರಾಗ ಕ್ಯಾಮೆರಾ ಒಂದ್ರದೇ 3,570 ಕೋಟಿ. ಅಂದ್ರ ಹೊಲಾನೇ ಒಣಗಿತ್ತು. ಅವಾಗ ನಿಮಗ ಯಾರೂ ವಿಡಿಯೋ ಕಳಿಸ್ಲಿಲ್ಲ, ನೀವೂ ಅದೇ ಡಿ750 ಹಿಡ್ಕೊಂಡು ಐವತ್ತು ಮಂದಿ ಲಗ್ನ ಹೊಡೀತಿದ್ರಿ. ಈಗ ಹೊಲಾ ಹಸರಾಗ್ಯಾದ, ಈಗ ಅಂಜ್ಲತ್ತೀರಿ.

ಜೇವರ್ಗಿ_ಕ್ರಾಸ್:

ಸರ್ ಐವತ್ತು ಮಂದಿ ಲಗ್ನ ನೆನಪು ಮಾಡಬ್ಯಾಡ್ರಿ, ಆ ವರ್ಷ ನಾ ಬೈಕ್ ಮಾರಿದ್ದೆ.

ಚಿಪ್_ಹುಡುಗ:

ಹಿಸಾಬ ಸರ್ ಹೇಳಿದ ದೊಡ್ಡ ಮಗನ ದಾಲ್ ಮಿಲ್, ಅಂದ್ರ ಚಿಪ್ಪು ಮಾಡೋ ಮಷಿನ್ ಧಂದೆ, ಅದರ ಬಗ್ಗೆ ನಾ ಸ್ವಲ್ಪ ಹೇಳ್ತೀನಿ, ನಂದು ಊರು ಕಲಬುರಗಿ, ಕೆಲಸ ಬೆಂಗಳೂರಾಗ ಚಿಪ್ ಡಿಸೈನ್ ಕಡೆ. ಚಿಪ್ಪಿನ ಮ್ಯಾಲ ಗೆರಿ ಮೂಡಿಸೋ ಮಷಿನ್‌ಗಿ ಲಿಥೋಗ್ರಫಿ ಮಷಿನ್ ಅಂತಾರ. ಒಂಥರಾ ಫೋಟೋ ಪ್ರಿಂಟಿಂಗ್ ಉಲ್ಟಾ ಅನ್ಕೋರಿ, ನೆಗೆಟಿವ್ ದೊಡ್ಡದು, ಪ್ರಿಂಟು ಸಣ್ಣದು, ಲೆನ್ಸ್ ಮಾತ್ರ ಆನಿಯಷ್ಟು. 1980ರಾಗ ನಿಕಾನ್ ತಂದು ಇಂಥಾ ಮಷಿನ್ ತಂದಿತ್ತು, ಆಮೇಲೆ ಹತ್ತಿಪ್ಪತ್ತು ವರ್ಷ ಜಗತ್ತಿಗೇ ಅವ್ರೇ ದೊಡ್ಡವ್ರು. ಆಮೇಲೆ ನೆದರ್ಲೆಂಡ್ಸಿನ ಎಎಸ್ಎಂಎಲ್ ಅನ್ನೋರು ಹಿಂದಿಂದ ಬಂದು ಮುಂದ ಹೋಗ್ಬಿಟ್ರು. ಈಗ ಎಲ್ಲಕ್ಕಿಂತ ಸಣ್ಣ ಗೆರಿ ಹಾಕೋ ಇಯುವಿ ಮಷಿನ್ ಎಎಸ್ಎಂಎಲ್ ಬಿಟ್ರ ಯಾರೂ ಮಾಡಲ್ಲ, ನಿಕಾನ್ ಆ ರೇಸಿಂದನೇ ಹೊರಗ. ಪೇಟೆಂಟ್ ಸಲುವಾಗಿ ಕೋರ್ಟಿಗೂ ಹೋಗಿದ್ರು, 2019ರಾಗ ರಾಜಿ ಆಗಿ ನಿಕಾನ್‌ಗೆ 15 ಕೋಟಿ ಯೂರೋ ಬಂತು. ರೊಕ್ಕ ಬಂತು, ಮಾರ್ಕೆಟ್ ವಾಪಸ್ ಬರ್ಲಿಲ್ಲ.

ಇನ್ನೊಂದು, ಈ ಧಂದೆ ಕಿರಾಣಿ ಅಂಗಡಿ ಹಂಗ ದಿನಾ ದಿನಾ ವ್ಯಾಪಾರ ಆಗೋದಲ್ಲ. ಒಂದೊಂದು ಮಷಿನ್ ಕೋಟಿಗಟ್ಲೆ, ಗಿರಾಕಿನೂ ಕೈ ಬೆರಳಷ್ಟು, ಅದರಾಗ ಅಮೇರಿಕಾದ ಚಿಪ್ ಕಂಪನಿ ಇಂಟೆಲ್ ದೊಡ್ಡದು. ಗಿರಾಕಿ "ಈ ವರ್ಷ ಬ್ಯಾಡ, ಮುಂದಿನ ವರ್ಷ ಕೂಡಿಸ್ರಿ" ಅಂದ ಅಂದ್ರ ಮುಗೀತು, ಈ ವರ್ಷದ ಲೆಕ್ಕದಾಗ ದೊಡ್ಡ ತೂತು. 2024ರಾಗ ಇಂಟೆಲ್ ತಾನೇ ತ್ರಾಸಿನಾಗ ಇತ್ತು, ಅದು ನಿಮಗೂ ಗೊತ್ತಿರ್ಬೇಕು. ಅದಕ್ಕ 94% ಅನ್ನೋ ನಂಬರ್ ನೋಡಿ ನಿಮ್ ಕ್ಯಾಮೆರಾ ಬಗ್ಗೆ ಏನೂ ಹೇಳಕ್ ಬರಲ್ಲ.

ಶಹಾಬಾದ್_ಕಾಕಾ:

ಎಲ್ಲಾ ಛಲೋ ಹೇಳೀರಿ. ಆದ್ರ ನಾ ಒಂದ್ ಮಾತ್ ಕೇಳ್ತೀನಿ, ಕಂಪನಿ ಉಳಿದ್ರ ನಿನ್ ಲೆನ್ಸ್ ಉಳಿತಾವೇನು ತಮ್ಮಾ?

ನಾ 40 ವರ್ಷ ಇದೇ ಕೆಲಸ ಮಾಡಿ ಈಗ ಮಗನ ಕೈಗಿ ಕೊಟ್ಟೀನಿ. ಸುರು ಮಾಡಿದ್ದು ಯಾಶಿಕಾ ಡಬ್ಬಿ ಕ್ಯಾಮೆರಾದಾಗ, ಮ್ಯಾಲಿಂದ ಬಗ್ಗಿ ನೋಡೋದು, 120 ರೋಲಿನಾಗ 12 ಫೋಟೋ. ಒಂದು ಲಗ್ನಕ್ಕ ನಾಕು ರೋಲ್ ಒಯ್ದ್ರ ದೊಡ್ಡ ಲಗ್ನ. ಅಕ್ಷತಾ ಬೀಳೋ ಹೊತ್ತಿಗಿ ರೋಲ್ ಮುಗೀತಂದ್ರ ಮಾನ ಹೋಗ್ತಿತ್ತು, ಅದಕ್ಕ ತಾಳಿ ಕಟ್ಟೋಕಿಂತ ಮೊದ್ಲೇ ಅರ್ಧಾ ಉಳಿದ ರೋಲ್ ತೆಗ್ದು ಹೊಸಾದು ಹಾಕ್ತಿದ್ವಿ. ಆ ಯಾಶಿಕಾ ಕಂಪನಿನ 1983ರಾಗ ಕ್ಯೋಸೆರಾ ನುಂಗ್ತು. ಕ್ಯೋಸೆರಾ ದಿವಾಳಿ ಆಯ್ತೇನು? ಇಲ್ಲ, ಇವತ್ತಿಗೂ ದೊಡ್ಡ ಕಂಪನಿ ಅದ. ಆದ್ರ 2005ರಾಗ ಕ್ಯಾಮೆರಾನೇ ಸಾಕು ಅಂತ ಕೈ ತೊಳ್ಕೊಂಡ್ರು. ಮರು ವರ್ಷ 2006ರಾಗ ಕೊನಿಕಾ ಮಿನೋಲ್ಟಾ, ಅವ್ರೂ ಕ್ಯಾಮೆರಾ ಬಿಟ್ಟು ಸೋನಿಗಿ ಕೊಟ್ರು. ಕೊನಿಕಾ ಮಿನೋಲ್ಟಾದ ಝೆರಾಕ್ಸ್ ಮಷಿನ್ ಈಗಲೂ ಕೋರ್ಟ್ ಮುಂದಿನ ಅಂಗಡ್ಯಾಗ ಗರಗರ ತಿರಗ್ತಾವ, ಹೋಗಿ ನೋಡು. ಒಲಿಂಪಸ್ ಅಂತೂ ಕಣ್ಣ ಮುಂದೇ ಆಗಿದ್ದು. ಹೊಟ್ಯಾಗ ನಳಿಗಿ ಬಿಟ್ಟು ನೋಡೋ ಎಂಡೋಸ್ಕೋಪ್‌ದಾಗ ಜಗತ್ತಿಗೇ ದೊಡ್ಡದು, ಆದ್ರ 2021ರ ಜನವರಿಗಿ ಕ್ಯಾಮೆರಾ ಧಂದೆ ಬ್ಯಾರೆವ್ರ ಕೈಗಿ ಹಾಕ್ತು.

ಹಿಸಾಬ ಸಾಹೇಬ್ರು ಹೇಳಿದ್ದು ಖರೆ, ಈಗ ನಿಕಾನ್‌ದಾಗ ಕ್ಯಾಮೆರಾನೇ ದುಡಿಯೋ ಮಗ, ಅದಕ್ಕ ಅವ್ನ್ನ ಮನಿ ಬಿಟ್ಟು ಹೊರಗ ಹಾಕಂಗಿಲ್ಲ. ಒಲಿಂಪಸ್‌ದಾಗ ಕ್ಯಾಮೆರಾ ಮೂರು ವರ್ಷ ಲಾಸ್ ಮಾಡಿತ್ತು, ಹಾಕಿದ್ರು. ಇಷ್ಟು ಫರಕ್ ಅದ. ಆದ್ರ ದುಡಿಯೋದು ಯಾವ ಕ್ಯಾಮೆರಾ? ಒಳಗ ಕನ್ನಡಿ ಇಲ್ದ ಹೊಸಾ ಝೆಡ್ ಕ್ಯಾಮೆರಾ. ನಿನ್ನ ಎಫ್ ಮೌಂಟ್, ಅಂದ್ರ ಲೆನ್ಸ್ ಕೂಡ್ಸೋ ಬಾಯಿ, 1959ರದು ತಮ್ಮಾ, ನಮ್ಮ ಮಂದಿ ಫ್ಲ್ಯಾಶ್ ಬಲ್ಬ್ ಸುಡ್ತಿದ್ದ ಕಾಲದ್ದು. 2020ರಾಗ ಡಿ780, ಡಿ6 ಬಂದವು, ಅದರ ನಂತರ ನಿನ್ನ ಡಿ750 ಹಂಗ ಒಳಗ ಕನ್ನಡಿ ಇರೋ ಹೊಸಾ ಡಿಎಸ್ಎಲ್ಆರ್ ಒಂದೂ ಬಂದಿಲ್ಲ. ಅವ್ರು ಬಾಯಿ ಬಿಟ್ಟು ಹೇಳ್ಲಿ ಬಿಡ್ಲಿ, ಇಷ್ಟು ವರ್ಷ ಬಸುರಾಗಿಲ್ಲ ಅಂದ್ರ ತಿಳ್ಕೋಬೇಕು.

ಈಗ ನಿನ್ ಲೆನ್ಸ್ ಹಿಂದ ತಿರುಗಿಸಿ ನೋಡು. ಎಎಫ್-ಎಸ್ ಅಂತ ಬರ್ದಿದ್ರ ಒಳಗ ಮೋಟಾರ್ ಅದ, ಎಫ್‌ಟಿಝೆಡ್ ಅಡಾಪ್ಟರ್ (ಹಳೀ ಲೆನ್ಸ್ ಹೊಸಾ ಕ್ಯಾಮೆರಾಕ್ಕ ಕೂಡ್ಸೋ ರಿಂಗ್) ಹಾಕಿ ಝೆಡ್ ಕ್ಯಾಮೆರಾಕ್ಕ ಹಚ್ಚಿದ್ರ ಆಟೋಫೋಕಸ್ ನಡಿತದ. ಬರೀ ಡಿ ಅಂತ ಇದ್ರ, ಅದನ್ನ ತಿರುಗಿಸೋ ಸ್ಕ್ರೂ ಬಾಡ್ಯಾಗ ಇರ್ತದ, ಅಡಾಪ್ಟರಿನಾಗ ಇಲ್ಲ. ಕೈಲಿ ಫೋಕಸ್ ಮಾಡ್ಬೇಕು. ಇದು ಅಂಗಡಿಯವ ನಿನಗ ಹೇಳ್ಯಾನೇನು?

ಕಲಬುರಗಿ_ಕ್ಲಿಕ್:

ಕಾಕಾ ಹೇಳಿಲ್ಲ ರೀ. ಈಗ ಬ್ಯಾಗ್ ತೆಗ್ದು ನೋಡ್ದೆ. 24-70, 70-200, 50 ಮೂರೂ ಎಎಫ್-ಎಸ್. 85 ಮಾತ್ರ ಡಿ. ಅದೇ ನನ್ನ ಪ್ರೀತಿ ಲೆನ್ಸ್ ರೀ, ಮದುಮಗಳ ಸಿಂಗಲ್ ಫೋಟೋ ಎಲ್ಲಾ ಅದರಾಗೇ. ಹಳೀ ಡಿ750 ಒಂದು ಇಟ್ಕೊಂಡು ಅದಕ್ಕೇ ಖಾಯಂ ಹಚ್ಚಿ ಬಿಡ್ತೀನಿ.

ಹಿಸಾಬ ಸರ್, ಹೊಲ ಹಸರ ಅದ ಅಂದ್ರಿ, ಒಪ್ತೀನಿ. ಆದ್ರ ಎಲ್ಲಾರ ಕೈಯಾಗೂ ಮೊಬೈಲ್ ಬಂದು ಕ್ಯಾಮೆರಾ ತೊಗೋಳೋರೇ ಇಲ್ಲಲ್ರಿ, ನಮ್ ಓಣ್ಯಾಗ ಹುಟ್ಟಿದ ಹಬ್ಬಕ್ಕ ನನ್ನ ಕರೀತಿದ್ದ ಮನಿಗಳೇ ಈಗ ಐಫೋನಿನಾಗ ತಕ್ಕೋತಾರ. ಹಂಗಿದ್ದಾಗ ಕ್ಯಾಮೆರಾದಾಗ ಲಾಭ ಹೆಂಗ್ ಬರ್ತದ? ನಂಗ ಇದೇ ತಿಳಿವಲ್ದು.

ಬೀದರ್_ಹಿಸಾಬ:

ಇದು ಕೇಳ್ಬೇಕಾದ ಪ್ರಶ್ನಿ ನೋಡ್ರಿ. 2010ರಾಗ ಜಪಾನಿನ ಕ್ಯಾಮೆರಾ ಸಂಘದ ಲೆಕ್ಕ ತೆಗದ್ರ ವರ್ಷಕ್ಕ 12 ಕೋಟಿಗಿ ಮ್ಯಾಲ ಡಿಜಿಟಲ್ ಕ್ಯಾಮೆರಾ ಹೋಗಿದ್ವು. 2020ರಾಗ 90 ಲಕ್ಷಕ್ಕೂ ಕಮ್ಮಿ. ಹದಿಮೂರು ಪಾಲಿನಾಗ ಹನ್ನೆರಡು ಪಾಲು ಹೋತು. ಹೋಗಿದ್ದು ಹೆಚ್ಚಾಗಿ ಜೇಬಿನಾಗ ಹಾಕ್ಕೊಳ್ಳೋ ಸಣ್ಣ ಡಬ್ಬಿಗಳು, ಮೊಬೈಲು ತಿಂದಿದ್ದು ಅವನ್ನ.

ನಿಕಾನ್‌ದೇ ನೋಡ್ರಿ, 2013ರ ಮಾರ್ಚ್ ವರ್ಷ ಲೆನ್ಸ್ ಬದ್ಲಿಸೋ ಕ್ಯಾಮೆರಾನೇ 70 ಲಕ್ಷ ಮಾರಿದ್ರು, ಸಣ್ಣ ಡಬ್ಬಿ 1.7 ಕೋಟಿ. ಇಡೀ ಕಂಪನಿ ಮಾರಾಟ 1 ಲಕ್ಷ ಕೋಟಿ ಯೆನ್ ದಾಟಿತ್ತು. 2024ರ ಮಾರ್ಚ್ ವರ್ಷ ಲೆನ್ಸ್ ಬದ್ಲಿಸೋವು ಬರೇ 8 ಲಕ್ಷದ ಆಸುಪಾಸು. ಒಂಬತ್ತು ಗಿರಾಕಿಯಾಗ ಎಂಟು ಮಂದಿ ಬಿಟ್ಟು ಹೋದ್ರು. ಅವ್ರು ಏನ್ ಮಾಡಿದ್ರಂದ್ರ ಹೋದೋರ ಹಿಂದ ಓಡ್ಲಿಲ್ಲ. 2017ರಾಗ ಚೀನಾದ ವೂಷಿ ಫ್ಯಾಕ್ಟರಿ ಬಂದ್ ಮಾಡಿದ್ರು, ಸ್ಮಾರ್ಟ್‌ಫೋನ್ ಸಲುವಾಗಿ ಅಂತ ನೆಟ್ಟಗೇ ಹೇಳಿ ಮಾಡಿದ್ರು. ಬಾಡಿ ಮಾಡೋದು ಜಪಾನಿನಿಂದ ಥಾಯ್ಲೆಂಡಿಗಿ ಒಯ್ದ್ರು. ಮತ್ತ ಉಳಿದ ಆ ಒಬ್ಬ ಗಿರಾಕಿಗಿ, ಯಾರಂವ, ನೀವೇ ರೀ, ಲಗ್ನ ಮಾಡೋರು, ನ್ಯೂಸಿನೋರು, ಹಕ್ಕಿ ಫೋಟೋ ಹುಚ್ಚಿನೋರು, ಅವ್ರಿಗಿ ಭಾರಿ ಬಾಡಿ ಭಾರಿ ಲೆನ್ಸ್ ಮಾರ್ಲತ್ತಾರ. 2021ರಾಗ ಝೆಡ್9, 2023ರಾಗ ಝೆಡ್8, ಝೆಡ್ಎಫ್. ಒಂದು ಬಾಡಿ ಮಾರಿದ್ರ ಅದರ ಹಿಂದ ಲೆನ್ಸೂ ಹೋಗ್ತಾವ.

ಜೊತಿಗಿ ಯೆನ್ ರೇಟೂ ಕೈ ಹಿಡೀತು. ಡಾಲರಿಗಿ 110 ಯೆನ್ ಇದ್ದದ್ದು 150 ಆಯ್ತು, ಅಮೇರಿಕಾದಾಗ ಅದೇ ರೇಟಿಗಿ ಮಾರಿದ್ರೂ ಟೋಕಿಯೋದಾಗ ಎಣಿಸೋವಾಗ ಹೆಚ್ಚು ಕಾಣ್ತದ. ಇದು ದುಡಿಮಿ ಅಲ್ಲ, ಗಾಳಿ. ಗಾಳಿ ತಿರುಗಿದ್ರ ಆ ಲಾಭನೂ ತಿರುಗ್ತದ.

ಸೇಡಂ_ಡ್ರೋನ್:

ಹಂಗಾದ್ರ ಯೆನ್ ಬಿದ್ದಾಗ ನಮಗ ಯಾಕ್ ರೇಟ್ ಕಮ್ಮಿ ಆಗ್ಲಿಲ್ಲ? ಮೊದ್ಲು ಡಿ3500 ಅಂತ ನಿಕಾನ್‌ದು ಸಸ್ತಾ ಕ್ಯಾಮೆರಾ ಇತ್ತು, ಕಾಲೇಜ್ ಹುಡುಗ ಒಂದು ಸೀಸನ್ ಬ್ಯಾರೆವ್ರ ಹಿಂದ ಲೈಟ್ ಹಿಡ್ದು ದುಡ್ದಿದ್ರ ಸಾಕು ತೊಗೋತಿದ್ದ. ನಾ ಹಂಗೇ ಸುರು ಮಾಡಿದ್ದು. ಈಗ ಅದೂ ಇಲ್ಲ, ಈಗಿನ ಹುಡುಗ್ರು ಸುರು ಎಲ್ಲಿಂದ ಮಾಡ್ಬೇಕು? ನೀವು ಹೇಳ್ಲತ್ತಿರೋ ಆ 4 ಸಾವಿರ ಕೋಟಿ ಯೆನ್ ಲಾಭ ನಮ್ ಜೇಬಿಂದೇ ಹೋಗ್ಯಾದ.

ಬೀದರ್_ಹಿಸಾಬ:

ಖರೆ ಅದ ರೀ, ಅದಕ್ಕ ನನ್ ಹತ್ರ ಉತ್ತರ ಇಲ್ಲ. ಗಿರಾಕಿ ಕಮ್ಮಿ ಆದ್ರ ಉಳಿದ ಗಿರಾಕಿ ಮ್ಯಾಲೇ ಭಾರ. ಹಳೀ ಬಾಡಿ ಸೆಕೆಂಡ್ ಹ್ಯಾಂಡ್ ಬಾಳ ಸಸ್ತಾ ಸಿಗ್ಲತ್ತಾವ ಅನ್ನೋದೊಂದೇ ಸಮಾಧಾನ, ಕಲಿಯೋ ಹುಡುಗ್ರಿಗಿ ಅದೇ ಛಲೋ.

ಯಾದಗಿರಿ_ಚಷ್ಮಾ:

ಇಲ್ಲಿ ನಮ್ಮವ್ರೂ ಅದಾರ ಅಂತ ತೋರ್ಸ್ಲಿಕ್ಕಿ ಬಂದೀನಿ 😀 ನಂದು ಚಷ್ಮಾ ಅಂಗಡಿ. ಇದೇ ವಿಡಿಯೋ ನೋಡಿ ಒಬ್ಬ ಮಾಸ್ತರ ಬಂದು "ನಿಕಾನ್ ಗ್ಲಾಸ್ ಹಾಕಬ್ಯಾಡ್ರಿ, ಕಂಪನಿ ಮುಚ್ಲತ್ತದಂತ, ಗ್ಯಾರಂಟಿ ಯಾರ್ ಕೊಡ್ತಾರ" ಅಂದ್ರು. ನಾ ಹೇಳ್ದೆ ಸರ್ ಚಷ್ಮಾ ಗ್ಲಾಸ್ ಮಾಡೋದು ಬ್ಯಾರೆ ಕಂಪನಿ, 2000ರಾಗ ನಿಕಾನ್ ಮತ್ತ ಫ್ರಾನ್ಸಿನ ಎಸ್ಸಿಲಾರ್ ಅರ್ಧಾ ಅರ್ಧಾ ಪಾಲ್ ಹಾಕಿ ಮಾಡಿದ್ದು. ಆ ಎಸ್ಸಿಲಾರ್ ಈಗ ರೇಬಾನ್ ಮಾಡೋರ ಜೋಡಿ ಕೂಡಿ ಎಸ್ಸಿಲಾರ್‌ಲಕ್ಸೋಟಿಕಾ ಆಗ್ಯಾದ, ಅವ್ರು ಮ್ಯಾಲಿಂದ ನಿಕಾನ್ ಶೇರ್ ತೊಗೊಳ್ಲತ್ತಾರ. ಮುಳುಗೋ ಹಡಗಿನಾಗ ಅಷ್ಟು ದೊಡ್ಡ ಸಾಹುಕಾರ ಯಾಕ್ ಸೀಟ್ ಹಿಡೀತಾನ ಅಂದೆ. ಮಾಸ್ತರ ನಕ್ಕು ಎರಡು ಜೋಡಿ ಆರ್ಡರ್ ಕೊಟ್ಟು ಹೋದ್ರು, ರೊಕ್ಕ ಮಾತ್ರ ಪಗಾರ ಆದ್ಮ್ಯಾಲ ಅಂತ.

ಚಿಪ್_ಹುಡುಗ:

ಸಾಹುಕಾರ ಸೀಟ್ ಹಿಡಿದ್ರ ಹಡಗು ಮುಳುಗಲ್ಲ ಅಂತೇನಿಲ್ಲ ಅಣ್ಣ, ಟೈಟಾನಿಕ್‌ದಾಗೂ ಸಾಹುಕಾರ್ರೇ ಇದ್ರು 😂 ಆದ್ರ ಮಾತು ಸರಿ ಅದ.

ಒಂದು ಮಜಾ ಹೇಳ್ತೀನಿ. ರೆಡ್ ಅಂತ ಅಮೇರಿಕಾದ ಸಿನಿಮಾ ಕ್ಯಾಮೆರಾ ಕಂಪನಿ, ವಿಡಿಯೋ ಕಂಪ್ರೆಷನ್ ನಮ್ದು ಕದ್ದೀರಿ ಅಂತ 2022ರಾಗ ನಿಕಾನ್ ಮ್ಯಾಲೇ ಕೇಸ್ ಹಾಕಿತ್ತು. ಮರು ವರ್ಷ ಕೇಸ್ ವಾಪಸ್. 2024ರಾಗ ನಿಕಾನ್ ಆ ಕಂಪನಿನ್ನೇ ಕೊಂಡ್ಬಿಡ್ತು. ವಿಡಿಯೋ ಮಾಡೋರಿಗಿ ಇದು ಉಪಯೋಗ ಆಗ್ತದ, ರೆಡ್‌ನೋರ ವಿದ್ಯಾ 2025ರಾಗ ಝೆಡ್ ಕ್ಯಾಮೆರಾದಾಗ ಬಂದದ.

ಸೇಡಂ_ಡ್ರೋನ್:

ನಮ್ ಕಡಿ ಹಂಗ ಹೊಲದ ಕೇಸ್ ಹಾಕ್ದೋರ ಮನಿಗೇ ಹೆಣ್ಣು ಕೊಟ್ಟು ಬೀಗ್ರು ಆದಂಗ.

ಶಹಾಬಾದ್_ಕಾಕಾ:

ಈ ಚರ್ಚಾ ನೋಡಿದ್ರ ಲಗ್ನ ಮುಗ್ದು ಊಟಕ್ಕ ಕುಂತಂಗ ಆಗ್ಯಾದ. ತಮ್ಮಾ ಕ್ಲಿಕ್, ಅಂಗಡಿಯವ ಲೆನ್ಸ್‌ಗಿ ಎಷ್ಟು ಹೇಳ್ಯಾನ ಅನ್ನೋದು ಒಂದ್ ಸಲ ಮತ್ತ ವಿಚಾರ ಮಾಡು. ಅಂವ ಕಂಪನಿ ಮುಳುಗ್ತದ ಅಂತ ಹೇಳಿ ನಿನ್ 70-200 ಸಸ್ತಾದಾಗ ಒಯ್ತಾನ. ಒಯ್ದು ಏನ್ ಮಾಡ್ತಾನ? ಮುಳುಗೋ ಕಂಪನಿ ಲೆನ್ಸ್ ತೊಗೊಂಡು ತಿಪ್ಪಿಗಿ ಹಾಕ್ತಾನೇನು? ಸೋಮ್ವಾರ ಅದೇ ಲೆನ್ಸ್ ಗಾಜಿನ ಕಪಾಟಿನಾಗ ಇಟ್ಟು ಡಬಲ್ ರೇಟ್ ಚೀಟಿ ಅಂಟಿಸ್ತಾನ. ಎಫ್ ಮೌಂಟ್ ಸಾಯ್ಲತ್ತದ ಅಂತ ನಾ ಹೇಳ್ದೆ, ಆದ್ರ ಸಾಯ್ಲಿಕ್ಕಿ ಟೈಮ್ ಅದ. ನನ್ ಹಳೀ ರೋಲ್ ಕ್ಯಾಮೆರಾ ನಿಕಾನ್ ಎಫ್ಎಂ2 ಇವತ್ತಿಗೂ ಸೆಲ್ ಇಲ್ದೇ ಶಟರ್ ಹೊಡೀತದ, ರೋಲ್ ತೊಳ್ಯೋರು ಸಿಗಂಗಿಲ್ಲ ಅಷ್ಟೇ.

ಬೀದರ್_ಹಿಸಾಬ:

ಕಾಕಾ ಹೇಳಿದ್ದಕ್ಕ ಒಂದೇ ಸಾಲು ಕೂಡಿಸ್ತೀನಿ. ನೀವು ಝೆಡ್6 3 ತೊಗೊಳ್ರಿ ಬ್ಯಾಡ್ರಿ, ಅದನ್ನ ನಿಮ್ ಸ್ಟುಡಿಯೋ ಲೆಕ್ಕ ನೋಡಿ ಠರಾಯಿಸ್ರಿ, ನಿಕಾನ್ ಲೆಕ್ಕ ನೋಡಿ ಅಲ್ಲ. ಸೀಸನ್‌ದಾಗ ಎಷ್ಟು ಲಗ್ನ ಬುಕ್ ಆಗ್ಯಾವ, ಆ ಬಾಡಿ ಎಷ್ಟು ಲಗ್ನದಾಗ ರೊಕ್ಕ ವಾಪಸ್ ಕೊಡ್ತದ. ಜಿಎಸ್‌ಟಿ ನಂಬರ್ ಇದ್ರ 18% ಇನ್‌ಪುಟ್ ಕ್ರೆಡಿಟ್ ತೊಗೋರಿ (ಕೊಟ್ಟ ತೆರಿಗಿ ನೀವು ಕಟ್ಟೋ ತೆರಿಗ್ಯಾಗ ಮುರ್ಕೊಳ್ಳೋದು), ಅಂಗಡಿಯವ "ಬಿಲ್ ಇಲ್ದೇ ಸಸ್ತಾ ಕೊಡ್ತೀನಿ" ಅಂದ್ರ ಬ್ಯಾಡ ಅನ್ರಿ, ಬಿಲ್ ಇಲ್ಲಂದ್ರ ವಾರಂಟಿನೂ ಇಲ್ಲ. ಎಷ್ಟೋ ಸ್ಟುಡಿಯೋದವ್ರು ಇದರಾಗೇ ಹೈರಾಣ ಆಗಿ ನನ್ ಹತ್ರ ಬರ್ತಾರ.

ಕಲಬುರಗಿ_ಕ್ಲಿಕ್:

ಎಲ್ಲಾರಿಗೂ ಬಾಳ ಉಪಕಾರ ಆಯ್ತ್ರಿ. ಹಿಸಾಬ ಸರ್ ಹೇಳಿದಂಗ ಡೈರಿ ತೆಗ್ದು ನೋಡ್ದೆ, ದೀಪಾವಳಿ ಆದ್ಮ್ಯಾಲ ಹನ್ನೊಂದು ಲಗ್ನ ಗ್ಯಾರಂಟಿ, ಮೂರು ಅಡ್ವಾನ್ಸ್ ಬರೋದಾವ. ಒಂದು ಝೆಡ್6 3, ಒಂದು ಎಫ್‌ಟಿಝೆಡ್, ಮೂರು ಲೆನ್ಸ್ ಅದರ ಮ್ಯಾಲೇ ನಡಸ್ತೀನಿ, ಸಧ್ಯಕ್ಕ ಹೊಸಾ ಲೆನ್ಸ್ ಬ್ಯಾಡ. 2.4 ಲಕ್ಷ ಹೊಡ್ದ ಮುದುಕ ಡಿ750ಗಿ 85 ಹಚ್ಚಿ ಇಡ್ತೀನಿ. ಎಕ್ಸ್‌ಚೇಂಜ್ ಕ್ಯಾನ್ಸಲ್.

ಇವತ್ತ ಮಧ್ಯಾಹ್ನ ಅಂಗಡಿಯವ್ರಿಗಿ ಫೋನ್ ಮಾಡಿ ಲೆನ್ಸ್ ಕೊಡಂಗಿಲ್ಲ ಅಂದೆ. ಅಂದಕೂಡ್ಲೇ 70-200ಗಿ ಆರು ಸಾವಿರ ಏರಿಸಿದ್ರು! ಬ್ಯಾಡ್ರಿ ಅಂದೆ. ಮತ್ತ ನಾಕು ಸಾವಿರ ಏರಿಸಿದ್ರು. ಫೋನ್ ಇಟ್ಟೆ.

ಒಂದೇ ಚಿಂತಿ, ಅಡಾಪ್ಟರ್ ಹಾಕಿದ್ರ 70-200 ಫೋಕಸ್ ಮಂಟಪದ ಕತ್ತಲಾಗ ಸಾವಕಾಶ ಆಗ್ತದೇನು? ಯಾರಾರ ಕಣ್ಣಾರೆ ನೋಡಿದವ್ರು ಇದ್ರ ಹೇಳ್ರಿ.

ಶಹಾಬಾದ್_ಕಾಕಾ:

ನನ್ ಮಗನ ಹತ್ರ ಝೆಡ್6 ಎರಡ್ನೇದು ಅದ, ಎಫ್‌ಟಿಝೆಡ್ಡೂ ಅದ. ಹೇಳಿದ್ದು ಕೇಳಿ ಏನ್ ಮಾಡ್ತಿ, ನಿನ್ 70-200 ತೊಗೊಂಡು ಬಾ, ನಮ್ ಸ್ಟುಡಿಯೋದಾಗ ಲೈಟ್ ಆರಿಸಿ ಹಚ್ಚಿ ನೋಡು. ಐತ್ವಾರ ಮಗ ಮನ್ಯಾಗೇ ಇರ್ತಾನ.

ಕಲಬುರಗಿ_ಕ್ಲಿಕ್:

ಐತ್ವಾರ ಮುಂಜಾನಿ ಹತ್ತರ ಒಳಗ ಬರ್ತೀನಿ ಕಾಕಾ. ಆ ಎಫ್ಎಂ2 ಒಂದ್ ಸಲ ಕೈಲಿ ಹಿಡ್ದು ನೋಡ್ಬೇಕು, ತೆಗ್ದು ಇಡ್ರಿ.

ಜೇವರ್ಗಿ_ಕ್ರಾಸ್:

ನಾನೂ ಬರ್ತೀನಿ, ಸೋನಿ ತರ್ತೀನಿ, ಕತ್ತಲ್ಯಾಗ ಯಾವ್ದು ಲಗೂ ಫೋಕಸ್ ಆಗ್ತದ ನೋಡೇಬಿಡೋಣ. ಸೋತೋರು ಮಿರ್ಚಿ ಭಜಿ ಕೊಡಿಸ್ಬೇಕು.